ಮಾವನ ತಾಟಿನಲ್ಲಿ ಮೂವತ್ತಮೂರು ಚೀಟಿ

ಉಮರಗಾದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸಿದೆ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ಅಂಗಡಿಗಳ ರಸೀದಿ ಪುಸ್ತಕ ಅಚ್ಚು ಹಾಕುತ್ತೇನೆ. ಮರಾಠಿಯೇ ಹೆಚ್ಚು, ಬೀಗರು ಗಡಿಯಾಚೆಯವರಾದರೆ ಕನ್ನಡ, ಹುಡುಗ ಪುಣೆಯಲ್ಲಿದ್ದರೆ ಇಂಗ್ಲಿಷು. ಪ್ರೂಫು ಮೂರು ಸಲ ನೋಡುತ್ತೇನೆ. ಮನೆಗೆ ಹೋಗಿ ಊಟಕ್ಕೆ ಕೂತ ಮೇಲೆ ಮುಹೂರ್ತದ ಗಳಿಗೆ ತಪ್ಪಿ ಬಿದ್ದಿರಬಹುದೇ ಎಂದು ಅನುಮಾನ ಹುಟ್ಟಿ, ಕೈ ತೊಳೆದು ಮತ್ತೆ ಪ್ರೆಸ್ಸಿಗೆ ಓಡುತ್ತೇನೆ. ಇಂಥ ಮನುಷ್ಯ ಎರಡು ಲಕ್ಷ ರೂಪಾಯಿಯ ಕಾಗದಕ್ಕೆ ಒಂದಕ್ಷರವನ್ನೂ ಓದದೆ ಏಳು ಕಡೆ ಸಹಿ ಹಾಕಿದೆ. ಹಾಕಿಸಿಕೊಂಡವನು ನನ್ನ ಅಕ್ಕನ ಗಂಡ. ಹಾಕಿದ್ದು ಹೋದ ಅಧಿಕ ಮಾಸದಲ್ಲಿ.

ಅಧಿಕ ಮಾಸ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಆ ತಿಂಗಳು ಈ ಸೀಮೆಯಲ್ಲಿ ಅಳಿಯನೇ ದೇವರು. ನಮ್ಮ ಲಿಂಗಾಯತರ ಮನೆಗಳಲ್ಲಿ ಮೊದಲು ಇದೆಲ್ಲ ಇರಲಿಲ್ಲ, ಮರಾಠಿ ನೆರೆಹೊರೆಯನ್ನು ನೋಡಿ ನೋಡಿ ಅಂಟಿಕೊಂಡದ್ದು ಎಂದು ಅವ್ವ ಹೇಳುತ್ತಿದ್ದಳು. ಅಳಿಯನನ್ನು ಕರೆದು, ಕಾಲಿಗೆ ನೀರು ಕೊಟ್ಟು, ಮಣೆಯ ಮೇಲೆ ಕೂರಿಸಿ ಧೋಂಡೆ ಬಡಿಸಬೇಕು. ಹೂರಣ ತುಂಬಿ ಬೇಯಿಸಿದ ಗೋಧಿಯ ಉಂಡೆ ಅದು, ಮೇಲೆ ತುಪ್ಪ. ಉಂಡ ಮೇಲೆ ಮೂವತ್ತಮೂರು ಅನಾರಸೆ, ಅಂದರೆ ಅಕ್ಕಿ-ಬೆಲ್ಲದ ಕಜ್ಜಾಯಗಳನ್ನು ತಾಟಿನಲ್ಲಿಟ್ಟು, ದೀಪ ಹಚ್ಚಿ, ಅವನ ಕೈಗೆ ಕೊಡಬೇಕು. ಆ ದಿನ ಅಳಿಯ ಕೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ. ಅಳಿಯನೂ ಅಷ್ಟೇ, ಬಡಿಸಿದ್ದನ್ನು ಬೇಡ ಅನ್ನುವಂತಿಲ್ಲ, ತಾಟು ಬಿಟ್ಟು ನಡುವೆ ಏಳುವಂತಿಲ್ಲ. ಈ ಎರಡನೆಯ ಕಟ್ಟಳೆಯ ಬೆಲೆ ನನಗೆ ತಿಳಿದದ್ದು ತಡವಾಗಿ.

ಅಪ್ಪ ತೀರಿಕೊಂಡದ್ದರಿಂದ ಅಳಿಯನನ್ನು ಸತ್ಕರಿಸುವ ಭಾಗ್ಯ ನನ್ನದಾಗಿತ್ತು. ಅಕ್ಕನ ಗಂಡನಿಗೆ ನಾವು ಮಾವ ಅನ್ನುತ್ತೇವೆ. ಮಾವ ಉದಗೀರದಲ್ಲಿ ವಿಮೆಯ ಪಾಲಿಸಿ ಮಾರುತ್ತಾನೆ. ಹಳೆಯ ಅಚ್ಚಿನ ಯಂತ್ರ ಮಾರಿದ ಎರಡು ಲಕ್ಷ ನನ್ನ ಬಳಿ ಇರುವುದು, ಅದು ಮರುವರ್ಷ ಮಗಳನ್ನು ನಿಲಂಗಾದಲ್ಲಿ ನರ್ಸಿಂಗಿಗೆ ಸೇರಿಸಲು ಇಟ್ಟದ್ದು, ಎಲ್ಲ ಅವನಿಗೆ ಗೊತ್ತಿತ್ತು. ನಾನೇ ಹೇಳಿದ್ದೆ. ಚಿಂತೆ ಮಾಡುವವರಿಗೆ ಬಾಯಿ ನಿಲ್ಲುವುದಿಲ್ಲ.

ಐದನೆಯ ಧೋಂಡೆ ಮುಗಿಸಿ ಮಾವ ಚೀಲದಿಂದ ಫಾರ್ಮು ತೆಗೆದ.

"ಎಫ್‌ಡಿ ಇದ್ದಂಗೇ ಅದ ಲೇ ಹುಡುಗಾ. ಬ್ಯಾಂಕಿನಕಿಂತ ಚಲೋ. ಮಗಳ ಫೀ ಕಟ್ಟೂ ಮುಂದ ತಕ್ಕೋ."

ಹುಡುಗನಿಗೆ ಆಗ ನಲವತ್ತೆಂಟು.

"ಇಂಗ್ಲಿಷ್‌ದಾಗ ಅದಲ್ರಿ ಮಾವಾರ. ಇಟ್ಟು ಹೋಗ್ರಿ, ಓದಿಸಿ ನೋಡ್ತೀನಿ."

"ಮನಿ ಅಳಿಯನ ಮ್ಯಾಲ ಭರೋಸಾ ಇಲ್ಲೇನು? ಇವತ್ತಿನ ದಿನಾನೂ?"

'ಇವತ್ತಿನ ದಿನ' ಎಂದಾಗ ನನ್ನ ಹೆಂಡತಿ ಒಳಗಿನಿಂದ ನನ್ನನ್ನು ನೋಡಿದಳು. ನಾನು ಪೆನ್ನು ನೋಡಿದೆ. ಪೆನ್ಸಿಲ್ ಗುರುತು ಹಾಕಿದ ಕಡೆಯೆಲ್ಲ ಸಹಿ ಬಿತ್ತು.

ವರ್ಷ ತುಂಬುವ ಹೊತ್ತಿಗೆ ಫೋನಿಗೆ ಒಂದು ಸಂದೇಶ ಬಂತು. ಮಗಳು ಓದಿ ಹೇಳಿದಳು: "ಅಪ್ಪಾ, ಪ್ರೀಮಿಯಂ ಡ್ಯೂ ಅಂತ. ಇನ್ನಾ ಎರಡು ಲಕ್ಷ ಕಟ್ಟಬೇಕಂತ." ನಾನು ಬಸ್ ಹಿಡಿದು ನಿಲಂಗಾದ ಕಚೇರಿಗೆ ಹೋದೆ. ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಬಹಳ ಸಭ್ಯಳು. ಲಾಕ್-ಇನ್ ಎಂದಳು, ಗ್ರೇಸ್ ಪಿರಿಯಡ್ ಎಂದಳು, ಲ್ಯಾಪ್ಸ್ ಎಂದಳು. ನಾನು ಎಲ್ಲದಕ್ಕೂ ಮರಾಠಿಯಲ್ಲಿ "ಹೋ ಮ್ಯಾಡಮ್", ಹೌದು ಮೇಡಂ, ಎಂದೆ. ಹೊರಗೆ ಬಂದು ಚಹಾದಂಗಡಿಯವನನ್ನು ಕೇಳಿದೆ. ಅವನಿಗೆ ಗೊತ್ತಿತ್ತು. ಹತ್ತು ವರ್ಷ ಕಟ್ಟಬೇಕು, ಈಗಲೇ ಬಿಟ್ಟರೆ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಎರಡನೆಯ ಕಂತು ನನ್ನಲ್ಲಿರಲಿಲ್ಲ. ಪಾಲಿಸಿ ಸತ್ತಿತು. ಮಗಳು ಆ ವರ್ಷ ಮನೆಯಲ್ಲೇ ಕೂತಳು. ಅದರ ಮುಂದಿನ ವರ್ಷ ಹೆಂಡತಿಯ ಚಿನ್ನದ ಪಾಟ್ಲಿ ಬಳೆ ಮಾರಿ ಅವಳನ್ನು ಸೇರಿಸಿದೆವು.

ಇಷ್ಟಕ್ಕೆ ನಾನು ಸುಮ್ಮನಾಗುತ್ತಿದ್ದೆನೋ ಏನೋ. ಅಕ್ಕನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಉದಗೀರಕ್ಕೆ ಹೋದಾಗ ಮಾವನನ್ನು ಮೂಲೆಗೆ ಕರೆದು ಮೆಲ್ಲಗೆ ಕೇಳಿದೆ. ಅವನು ಮೂಲೆಯಿಂದ ನಡುಮನೆಗೆ ಬಂದು ಉತ್ತರ ಕೊಟ್ಟ.

"ಕೇಳ್ರೆಪ್ಪಾ! ಊರಿಗೆಲ್ಲ ಇಂಗ್ಲಿಷ್ ಪತ್ರಿಕಾ ಛಾಪಸ್ತಾನ ನಮ್ಮ ಹುಡುಗ. ಓದ್ಲಿಕ್ಕಿ ಹಚ್ಚಿದ್ರ ನನ್ನ ಮಾರಿ ನೋಡ್ತಾನ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡು ಲಕ್ಷಕ್ಕಿಂತ ಹೆಚ್ಚು ಉರಿದದ್ದು ನನ್ನ ಆ ನಗೆ. ಉಮರಗಾ ಬರುವವರೆಗೆ ಬಸ್ಸಿನಲ್ಲಿ ಲೆಕ್ಕ ಹಾಕಿದೆ: ಮುಂದಿನ ಅಧಿಕ ಮಾಸಕ್ಕೆ ಇನ್ನೂ ಒಂದೂವರೆ ವರ್ಷ ಚಿಲ್ಲರೆ. ಅಷ್ಟು ಸಾಕು.

ಪ್ರೆಸ್ಸಿನಲ್ಲಿ ಕೆಟ್ಟ ಲಗ್ನಪತ್ರಿಕೆಗಳಿಗೆ ಬರವಿಲ್ಲ. ಅವನ್ನು ಚೀಟಿಯಷ್ಟಕ್ಕೆ ಕತ್ತರಿಸಿದೆ. ಒಂದು ಕಡೆ ಯಾರದೋ ಅರ್ಧ ಮುಹೂರ್ತ, ಹಿಂದೆ ಒಂದು ಇಂಗ್ಲಿಷ್ ಮಾತು ಮತ್ತು ನನ್ನ ಕನ್ನಡದ ಅರ್ಥ. ಕಲಿಸಿದವಳು ಮಗಳು, ನನ್ನಿಂದಲೇ ಅವಳಿಗೆ ಒಂದು ವರ್ಷ ಪುರಸೊತ್ತು ಸಿಕ್ಕಿತ್ತಲ್ಲ. 'ಲ್ಯಾಪ್ಸ್: ಕಂತು ತಪ್ಪಿ ಪಾಲಿಸಿ ಸಾಯುವುದು. ಮಣ್ಣು ಮಾಡಲು ಹೆಣವೂ ಸಿಗದು.' 'ಸರೆಂಡರ್ ವ್ಯಾಲ್ಯೂ: ನಡುವೆ ಬಿಟ್ಟರೆ ಬರುವ ಹಣ. ನನ್ನದು ಸೊನ್ನೆ.' 'ನಾಮಿನಿ: ನಾನು ಸತ್ತರೆ ಬ್ಯಾಂಕಿಗೆ ಹೋಗುವವಳು.' ಇದನ್ನು ಓದಿ ಹೆಂಡತಿ, "ಅಲ್ಲಿಗೀ ಹೋಗ್ಲಿಕ್ಕಿ ಏನರ ಇಟ್ಟಿರಬೇಕಲ್ಲಾ" ಎಂದು ಪಾಟ್ಲಿ ಇಲ್ಲದ ಮಣಿಕಟ್ಟು ತಿರುವಿದಳು.

ಇಡೀ ವಾಕ್ಯಗಳನ್ನೂ ಕಲಿತೆ. ವಾಟ್ ಆರ್ ದ ಚಾರ್ಜಸ್. ಈಸ್ ಇಟ್ ಗ್ಯಾರಂಟೀಡ್. ಮಗಳ ಹಾಸ್ಟೆಲಿಗೆ ಡಬ್ಬಿ ಒಯ್ಯುವಾಗ ನಿಲಂಗಾದ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಭ್ಯಾಸ ಮಾಡುತ್ತಿದ್ದೆ. ಪಕ್ಕದವರು ಎದ್ದು ಬೇರೆ ಸೀಟು ಹುಡುಕಿಕೊಂಡ ದಿನಗಳೂ ಇವೆ. ವಿದ್ಯೆಯಿಂದ ನೆಮ್ಮದಿ ಬರುತ್ತದೆ ಎಂಬುದು ನನ್ನ ವಿಷಯದಲ್ಲಿ ಸುಳ್ಳಾಯಿತು. ಇನ್‌ಫ್ಲೇಶನ್ ಕಲಿತ ವಾರ ರಾತ್ರಿ ಎದ್ದೆದ್ದು ಕಾಗದದ ರೇಟಿನ ಲೆಕ್ಕ ಹಾಕಿದೆ. ಮೊದಲು ಎರಡು ಭಾಷೆಯಲ್ಲಿ ಚಿಂತಿಸುತ್ತಿದ್ದೆ, ಈಗ ಮೂರಾಯಿತು.

ಇಪ್ಪತ್ತೆಂಟನೆಯ ಚೀಟಿ 'ಫ್ರೀ ಲುಕ್'. ಪಾಲಿಸಿಯ ಬಾಂಡು ಕೈಗೆ ಬಂದ ಮೇಲೆ ಓದಿ ನೋಡಿ, ಬೇಡವಾದರೆ ಹಿಂತಿರುಗಿಸಲು ಕೊಡುವ ದಿನಗಳು. ಮಗಳು ಅರ್ಥ ಹೇಳಿ ಕೇಳಿದಳು, "ಅಪ್ಪಾ, ನಮ್ಮ ಬಾಂಡ್ ಎಲ್ಲಿ ಬಂದಿತ್ತು?" ಎಲ್ಲಿಗೂ ಬಂದಿರಲಿಲ್ಲ. ಕಚೇರಿಯಿಂದ ತಂದಿದ್ದ ಫಾರ್ಮಿನ ಜೆರಾಕ್ಸ್ ತೆಗೆದು ನೋಡಿದೆವು. ವಿಳಾಸದ ಜಾಗದಲ್ಲಿ ಉದಗೀರದ ಮಾವನ ಮನೆ ಇತ್ತು. ಆ ಚೀಟಿಯ ಹಿಂದೆ ನಾನು ಅರ್ಥ ಬರೆಯಲಿಲ್ಲ. ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ಈ ಸಲದ ಅಧಿಕ ಮಾಸ ಬಂತು. ಕರೆ ಕಳಿಸಿದೆ. ಮಾವ ಬರುತ್ತೇನೆಂದ, ಜೊತೆಗೆ, "ಸಾಸ್ತೂರದ ಚಿಗವ್ವನ್ನೂ ಕರಿ, ಪಾಸ್‌ಬುಕ್ ತರ್ಲಿಕ್ಕಿ ಹೇಳು" ಎಂದ. ಚಿಗವ್ವ ವಿಧವೆ, ಮಕ್ಕಳಿಲ್ಲ. ರಸ್ತೆ ಅಗಲ ಮಾಡುವಾಗ ಹೊಲದ ತುಂಡು ಹೋಗಿ ಪರಿಹಾರದ ಹಣ ಬಂದಿತ್ತು. ಅವಳಿಗೆ ಇರುವುದು ಅಷ್ಟೇ. ಹೆಂಡತಿಗೆ ಹೇಳಿದೆ, "ಧೋಂಡೆ ಸ್ವಲ್ಪ ದೊಡ್ಡವು ಮಾಡು."

"ಎಷ್ಟು ದೊಡ್ಡವು?" ಎಂದು ಅವಳು ಮುಷ್ಟಿ ತೋರಿಸಿದಳು.

ಮಾವನ ಕಾಲಿಗೆ ನೀರು ಹಾಕಿದೆ. ಮಣೆಯ ಮೇಲೆ ಕೂರಿಸಿದೆ. ಎದುರಿಗೆ ಅಕ್ಕ, ಪಕ್ಕದಲ್ಲಿ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಚೀಲ ತೊಡೆಯ ಮೇಲಿಟ್ಟ ಚಿಗವ್ವ. ಮಾವ ಫಾರ್ಮನ್ನು ಮೊದಲೇ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ನಾಲ್ಕು ಧೋಂಡೆ ಇಳಿಯುವವರೆಗೆ ನಾನು ಬೀಸಣಿಗೆ ಬೀಸಿದೆ. ಎಲ್ಲ ಮಾತೂ ಮರೆತುಹೋದಂತೆ ಅನಿಸಿತು. ಆಮೇಲೆ ಐದನೆಯದನ್ನು ಬಡಿಸಿ ಕೇಳಿದೆ.

"ಮಾವಾರ, ಚಿಗವ್ವನ ಪಾಲಿಸಿದು ಲಾಕ್-ಇನ್ ಎಷ್ಟು ವರ್ಷದ್ರಿ?"

ಮಾವನ ಕೈ ತುಪ್ಪದಲ್ಲೇ ನಿಂತಿತು. "ಏ, ಉಣ್ಣೂ ಮುಂದ ಇವೆಲ್ಲಾ ಯಾಕ?"

"ಹೋದ ಸಲ ಉಣ್ಣೂ ಮುಂದೇ ಆಗಿತ್ತಲ್ರಿ." ಆರನೆಯದು ಬಿತ್ತು. "ಸರೆಂಡರ್ ವ್ಯಾಲ್ಯೂ ಎರಡನೇ ವರ್ಷಕ್ಕ ಎಷ್ಟು ಬರ್ತದ?"

"ಅದು... ಅದು ನೋಡಿ ಹೇಳಬೇಕಾಗ್ತದ."

"ನೋಡ್ರಿ ಮತ್ತ. ಫಾರ್ಮು ನಿಮ್ಮ ತೊಡಿ ಬುಡಕೇ ಅದ." ಏಳನೆಯದನ್ನು ಹೆಂಡತಿ ಗಾಜಿನ ಬಳೆಯ ಕೈಯಿಂದ ತಾನೇ ಬಡಿಸಿದಳು. "ನಿಮಗ ಕಮಿಷನ್ ಎಷ್ಟು ಸಿಗ್ತದ್ರಿ ಮಾವಾರ, ಮೊದಲನೇ ಕಂತಿನಾಗ?"

ಮಾವ ಏಳನೆಯದನ್ನು ಮುರಿಯತೊಡಗಿದ. ಅಷ್ಟರಲ್ಲಿ ಅಕ್ಕ ಬಾಯಿ ತೆಗೆದಳು. "ಹೇಳ್ರಿ, ನಾನೂ ಕೇಳ್ತೀನಿ. ನನ್ನ ಮುಂದ ಚಹಾದ ಖರ್ಚಷ್ಟೇ ಹೊಂಡ್ತದ ಅಂದಿದ್ರಿ."

ಮಾವ ಏಳಲು ಮಂಡಿ ಎತ್ತಿದ. "ಅಯ್ಯ, ತಾಟ ಬಿಟ್ಟು ಏಳಬ್ಯಾಡ್ರಿ ಅಳಿಯಾರ!" ಎಂದು ಚಿಗವ್ವ ನಿಜವಾಗಿ ಗಾಬರಿಯಾಗಿ ಕೂಗಿದಳು. "ಧೋಂಡೆ ಊಟ! ಮನಿತನಕ್ಕ ಚಲೋ ಅಲ್ಲ." ಮಂಡಿ ಮತ್ತೆ ಕೆಳಗಿಳಿಯಿತು. ನಾನು ಎಂಟನೆಯದನ್ನು ಬಡಿಸಿ, ಕಿಸೆಯಿಂದ ಆ ಚೀಟಿ ತೆಗೆದು ತಾಟಿನ ಪಕ್ಕ ಇಟ್ಟೆ.

"ಬಾಂಡ್ ಯಾರ ಮನಿಗಿ ಬರ್ತದ್ರಿ? ಫ್ರೀ ಲುಕ್ ದಿನ ಮುಗಿಯೂತನಾ ಯಾರ ಕಪಾಟಿನ್ಯಾಗ ಇರ್ತದ? ಕ್ಯಾನ್ ಐ ಗೆಟ್ ಇಟ್ ಇನ್ ರೈಟಿಂಗ್?"

ಪೆನ್ನೂ ಕೊಟ್ಟೆ. ಬಲಗೈ ಎಂಜಲಾಗಿತ್ತು, ಆ ನೆಪ ಅವನಿಗೆ ಸಿಕ್ಕಿತು. ಅವನ ಹಣೆಯ ಮೇಲೆ ನಾನೇ ಹಚ್ಚಿದ ವಿಭೂತಿ ಬೆವರಿಗೆ ಕರಗುತ್ತಿತ್ತು. ಚಿಗವ್ವನಿಗೆ ಇಂಗ್ಲಿಷ್ ಮಾತು ಒಂದೂ ತಿಳಿದಿರಲಿಲ್ಲ, ಆದರೆ ಬೆವರು ತಿಳಿಯಿತು. ಪ್ಲಾಸ್ಟಿಕ್ ಚೀಲವನ್ನು ಮಡಚಿ, ಸೆರಗಿನಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಾವ ಎಂಟನೆಯದನ್ನು ತಿಂದ. ಹೆಂಡತಿ ಒಂಬತ್ತನೆಯದನ್ನು ಇಟ್ಟಳು. ನಾನು ಬೀಸಣಿಗೆಯನ್ನು ಕೆಳಗಿಟ್ಟು, ಅವನು ಅದನ್ನೂ ತಿಂದು ಮುಗಿಸುವುದನ್ನು ಆರಾಮಾಗಿ ಕೂತು ನೋಡಿದೆ. ಅಷ್ಟು ರುಚಿ ನನಗೆ ನನ್ನ ಊಟದಲ್ಲೂ ಸಿಕ್ಕಿಲ್ಲ.

ಕೊನೆಗೆ ದೀಪದ ತಾಟು ಕೊಟ್ಟೆ. ಮೂವತ್ತಮೂರು ಅನಾರಸೆ, ಪ್ರತಿಯೊಂದರ ಕೆಳಗೆ ಒಂದೊಂದು ಚೀಟಿ, ಕಿಸೆಯದೂ ಸೇರಿ. ಅಧಿಕ ಮಾಸದ ದಾನ, ತೆಗೆದುಕೊಳ್ಳದೆ ವಿಧಿಯಿಲ್ಲ. ಉದಗೀರದ ಬಸ್ಸಿನಲ್ಲಿ ತಾಟು ಹಿಡಿದು ಕೂತವಳು ಅಕ್ಕ.

ಎರಡು ದಿನ ನನ್ನ ಕರ್ಮದಂತೆ ಚಿಂತೆ ಮಾಡಿದೆ: ಅವನಿಗೆ ಏನಾದರೂ ಆದರೆ, ಅಕ್ಕ ಮಾತು ಬಿಟ್ಟರೆ. ಮೂರನೆಯ ದಿನ ಮಧ್ಯಾಹ್ನ ಪ್ರೆಸ್ಸಿಗೆ ಫೋನು ಬಂತು. ಅಕ್ಕನ ದನಿ, ತಗ್ಗಿಸಿದ್ದು.

"ಅನಾರಸೆ ಮುಗದ್ವು. ಚೀಟಿ ಓದ್ಲಕತ್ತೀನಿ. ಅಂವಾ ಹೊರಗ ಹೋಗ್ಯಾನ." ಮತ್ತೆ ಕೇಳಿದಳು, "ತಮ್ಮಾ, ಈ ಜಾಯಿಂಟ್ ಅಕೌಂಟಿನ ಅರ್ಥ ಪೂರಾ ತಿಳೀಲಿಲ್ಲೋ. ನಾ ಒಬ್ಬಾಕಿ ಹೋದ್ರೂ ರೊಕ್ಕಾ ಕೊಡ್ತಾರೇನು?"

ಯಂತ್ರ ನಿಲ್ಲಿಸಿದೆ. ಬಾಗಿಲು ಮುಂದೆ ಮಾಡಿ, ಕುರ್ಚಿ ಎಳೆದುಕೊಂಡು ಕೂತೆ.

"ಪೆನ್ನು ತಗೋ ಅಕ್ಕಾ," ಎಂದೆ. "ನಿಧಾನ ಹೇಳ್ತೀನಿ, ಬರಕೋ."