ವೈನಿಯ ಸೇವಂತಿಗೆ ಚಿವುಟಿದ್ದು ನಾನು

ವತ್ಸಲಾ ವೈನಿಯ ಹನ್ನೆರಡು ಕುಂಡಗಳ ಸೇವಂತಿಗೆಯ ಕುಡಿಗಳನ್ನೆಲ್ಲ ಚಿವುಟಿ ಹಾಕಿದವಳು ನಾನು. ಮಾಲಿ ನಾಮದೇವ ಅವನ್ನು ಮುಟ್ಟಿಯೂ ಇರಲಿಲ್ಲ. ಇದಿಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಚಿಂಚವಾಡದ ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ — ನಮ್ಮದು, ಎದುರಿನ ವೈನಿಯದು; ನಂಟಿಲ್ಲದಿದ್ದರೂ ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆ. ಅವರ ಅಡುಗೆಮನೆಗೆ ನಾನು ಬಾಗಿಲು ಬಡಿಯದೆ ಹೋಗುತ್ತಿದ್ದೆ. ಆ ಶ್ರಾವಣದಲ್ಲಿ ಅರಿಶಿನ-ಕುಂಕುಮಕ್ಕೆ ಬಂದ ಹೆಂಗಸರ ಮುಂದೆ ಅವರು ನಗುತ್ತ ಅಂದರು: "ನಮ್ಮ ಸಾವಿತ್ರಿ ಕೈ ಹಚ್ಚಿದ್ದು ಯಾವುದೂ ಚಿಗಿಯೂದಿಲ್ಲ ನೋಡ್ರಿ." ಒಣಗಿದ ನನ್ನ ತುಳಸಿಯ ಮಾತದು. ಆದರೆ ಮದುವೆಯಾಗಿ ಹದಿನಾರು ವರ್ಷವಾದರೂ ಮಕ್ಕಳಿಲ್ಲದ ನನಗೆ — ಅದು ಬೇರೆಯೇ ಆಗಿ ಕೇಳಿಸಿತು.

ಮರುದಿನ ಮಧ್ಯಾಹ್ನ ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ಮಗಳ ಮದುವೆಯ ಹೊತ್ತಿಗೆ ಅರಳಲೆಂದು ವೈನಿ ಬೆಳೆಸಿದ್ದ ಸೇವಂತಿಗೆ ಗೇಣುದ್ದ ನಿಂತಿತ್ತು. ಒಂದೊಂದೇ ಗಿಡದ ತುದಿ ಮುರಿದೆ. ಹನ್ನೆರಡೂ ಕುಂಡ ಮುಗಿಸಿಯೇ ಕೆಳಗಿಳಿದೆ — ಅದನ್ನು ನೆನೆದರೇ ಈಗ ನಾಚಿಕೆ.

ಸಂಜೆ ವೈನಿ ಅತ್ತರು. "ನೀ ಮ್ಯಾಲೆ ಹೋಗಿದ್ಯಲ್ಲ, ಯಾರನ್ನರೆ ಕಂಡ್ಯಾ?" ಎಂದು ಕೇಳಿದರು.

"ನಾಮದೇವ ಒಬ್ಬನೇ ಇದ್ದನ್ರಿ ವೈನಿ."

ಅವನು ಬೆಳಿಗ್ಗೆಯೇ ನೀರು ಹಾಕಿ ಹೋಗಿದ್ದ. ತಾನಲ್ಲವೆಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಕಟ್ಟಡದವರು ಅವನನ್ನು ಕೆಲಸದಿಂದ ಬಿಡಿಸಿದರು. ಚಿವುಟಿದ್ದು ದ್ವೇಷದಿಂದ, ಸರಿ — ಈ ಸುಳ್ಳನ್ನು ಮಾತ್ರ ಏನೆನ್ನಲಿ?

ಆಮೇಲೆ ಒಂದೊಂದು ಕಾಂಡಕ್ಕೆ ಐದಾರು ಕವಲೊಡೆದು ಗಿಡಗಳು ಗುಂಡಗೆ ತುಂಬಿಕೊಂಡವು. ಮಾರ್ಗಶಿರದಲ್ಲಿ ಎಲೆ ಕಾಣದಷ್ಟು ಹೂವು. "ಕುಡಿ ಚಿವುಟಿದ್ರನ ಹಿಂಗ ಹೂ ಬಿಡ್ತಾವಂತ. ಪಾಪ, ನಾಮದೇವಗ ಗೊತ್ತಿತ್ತು, ನಾ ತಿಳಕೊಳ್ಳಲಿಲ್ಲ," ಎಂದು ವೈನಿ ಹಲುಬಿದರು. ಅಷ್ಟರಲ್ಲಿ ಅವನು ಎಲ್ಲಿ ಹೋದನೋ ಯಾರಿಗೂ ಗೊತ್ತಿರಲಿಲ್ಲ. ಮದುವೆಯ ದಿನ ಅದೇ ಹೂವಿನ ದಂಡೆಯನ್ನು ನನ್ನ ತಲೆಗೂ ಮುಡಿಸಿದರು. ನಾನು — ಮುಡಿದುಕೊಂಡೆ.

ಹೋದ ವಾರ ವೈನಿ ಬಂದು, ಹಿಂಜವಾಡಿ ರಸ್ತೆಯ ಒಂದು ನರ್ಸರಿಯಲ್ಲಿ ನಾಮದೇವನನ್ನು ಕಂಡೆನೆಂದೂ ಅವನ ಕ್ಷಮೆ ಕೇಳಿ ಬರುವೆನೆಂದೂ ಹೇಳಿದರು. ಆ ವಯಸ್ಸಿನಲ್ಲಿ, ನನ್ನ ತಪ್ಪಿಗೆ ಅವರು ಕೈಮುಗಿಯುವುದು! ಆಗ ಹೇಳಿಬಿಟ್ಟೆ. ಎಲ್ಲವನ್ನೂ.

"ನೀ ಕೈ ಹಚ್ಚಿದ್ದು ಚಿಗಿಯೂದಿಲ್ಲಂತ ನಾ ಅಂದಿದ್ದು ನನಗ ನೆನಪಽ ಇಲ್ಲ," ಎಂದರು ವೈನಿ. "ನನಗ ಹೇಳಿದ್ದಾತು. ಈಗ ಅವಗ ಹೇಳು, ನಡಿ."

ಇಬ್ಬರೂ ಹೋದೆವು. ನಾಮದೇವ ಪೂರ್ತಿ ಕೇಳಿದ. ಕೈ ತೊಳೆದುಕೊಂಡು ಬಂದು, ಹಿಂದಿನ ಶೆಡ್ಡಿನಿಂದ ಹೆಂಡತಿಯನ್ನು ಕರೆದ. "ನಾನೇ ಮಾಡಿದ್ದೇನೆಂದು ಇವಳೂ ನಂಬಿದ್ದಳು. ಈಗ ಹೇಳಿದ್ದನ್ನು ಇವಳೆದುರು ಇನ್ನೊಮ್ಮೆ ಹೇಳಿ, ತಾಯಿ," ಎಂದ ಮರಾಠಿಯಲ್ಲಿ. ಹೇಳಿದೆ. ಅವಳು ನನ್ನತ್ತ ನೋಡಲೇ ಇಲ್ಲ; ಗಂಡನ ಮುಖವನ್ನೇ ನೋಡುತ್ತ ನಿಂತಳು.

ಕ್ಷಮಿಸಿದೆವು ಎಂದು ಅವರು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಆದರೂ ಮರಳುವಾಗ ರಿಕ್ಷಾದಲ್ಲಿ, ಇಷ್ಟು ವರ್ಷಗಳ ಮೇಲೆ ಮೊದಲ ಬಾರಿಗೆ, ವೈನಿಯ ಪಕ್ಕ ಹಗುರಾಗಿ ಕುಳಿತಿದ್ದೆ. ಭಾನುವಾರ ಕಟ್ಟಡದ ಸಭೆಯಿದೆ. ಅಲ್ಲಿ ಎಲ್ಲರೆದುರು ನಾಲ್ಕನೆಯ ಸಲ ಹೇಳುತ್ತೇನೆ.