ರಾಜಮಾಳ ಪಾಲಿನ ನುಡಿ

ಇದು ಹೋದ ವರ್ಷದ ಮಾತು. ಸಂಕ್ರಮಣದ ರಜೆ ಮುಗಿದು ಕಾಲೇಜು ಮತ್ತೆ ಶುರುವಾದ ದಿನ ನಮ್ಮ ಪ್ರಿನ್ಸಿಪಾಲರು ಎಲ್ಲರನ್ನೂ ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡರು. ನಮ್ಮದು ಸಿಂದಗಿ ಕಡೆ ಕಥೋಲಿಕ ಸನ್ಯಾಸಿನಿಯರು ನಡೆಸುವ ಹೆಣ್ಣುಮಕ್ಕಳ ಪದವಿ ಕಾಲೇಜು. ನಾನು ಅಲ್ಲಿ ಕನ್ನಡ ಕಲಿಸುತ್ತೇನೆ. ಪ್ರಿನ್ಸಿಪಾಲ್ ಸಿಸ್ಟರ್ ಐರಿನ್ ಮಂಗಳೂರು ಕಡೆಯವರು. ನಮ್ಮ ಸೀಮೆಗೆ ಬಂದು ಬಹಳ ವರ್ಷಗಳಾಗಿವೆ. ಖಾರ ಬ್ಯಾಳಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಎಲ್ಲ ರೂಢಿಯಾಗಿದೆ, ಮಾತು ಮಾತ್ರ ಇನ್ನೂ ಕರಾವಳಿಯದೇ.

ರಜೆಯಲ್ಲಿ ಅವರು ಬೆಂಗಳೂರಿಗೆ ಕಥೋಲಿಕ ಕಾಲೇಜುಗಳ ಸಭೆಗೆ ಹೋಗಿ ಬಂದಿದ್ದರು. ಅಲ್ಲಿಂದ ತಂದ ಸುದ್ದಿ ಏನೆಂದರೆ, ಎಲ್ಲ ಕಾಲೇಜುಗಳೂ ತಮ್ಮಲ್ಲಿರುವ ಹಳೆಯ ವಸ್ತುಗಳನ್ನು ಸೇರಿಸಿ ಒಂದೇ ಜಾಲತಾಣದಲ್ಲಿ ಇಡಬೇಕು. ಯಾರು ಬೇಕಾದರೂ ಮನೆಯಲ್ಲಿ ಕೂತು ಅದನ್ನು ನೋಡಬಹುದು, ಕೇಳಬಹುದು. ಒಂದು ಕಾಲೇಜು ತಾಳೆಗರಿಗಳನ್ನು ಕೊಡುತ್ತದಂತೆ, ಇನ್ನೊಂದು ಹಳೆಯ ಫೋಟೋಗಳನ್ನು.

"ನಾವು ಏನು ಕೊಡುವುದು?" ಎಂದು ಸಿಸ್ಟರ್ ಕೇಳಿದರು. "ನಮ್ಮ ಕಾಲೇಜಿನಲ್ಲಿ ಹಳತು ಎಂದರೆ ನಾನೊಬ್ಬಳೇ ಇರುವುದು ಅಲ್ವಾ?"

ಎಲ್ಲರೂ ನಕ್ಕರು. ನನಗೆ ಏನು ಹೊಳೆಯಿತೋ, "ನಮ್ಮ ಹುಡುಗಿಯರ ಅಜ್ಜಿಯರ ಬಾಯಲ್ಲಿ ಬೀಸುವ ಪದಗಳಿವೆ ಸಿಸ್ಟರ್, ಅವನ್ನು ಕೊಡಬಹುದು" ಎಂದುಬಿಟ್ಟೆ. ಹಿಟ್ಟಿನ ಗಿರಣಿ ಬರುವ ಮೊದಲು ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಜೋಳ ಬೀಸುತ್ತ ಹಾಡುತ್ತಿದ್ದ ಹಾಡುಗಳವು.

"ಒಳ್ಳೆಯದಾಯಿತು ಹಸೀನಾ ಮಿಸ್" ಎಂದರು ಸಿಸ್ಟರ್. "ಹಾಗಾದರೆ ನೀವೇ ಮಾಡಿ."

ಹೇಳಿದಷ್ಟು ಸುಲಭವಿರಲಿಲ್ಲ. ಹೊರ್ತಿಯಲ್ಲಿ ಒಬ್ಬ ಅಜ್ಜಿ ಚೆನ್ನಾಗಿ ಹಾಡಿದರು, ಆದರೆ ನಡುವೆ ಮೊಮ್ಮಕ್ಕಳನ್ನು ಬೈಯುವುದೇ ಹೆಚ್ಚಾಯಿತು. ಸಾಲೋಟಗಿಯ ಅಜ್ಜಿ ಮೊಬೈಲ್ ಕಂಡ ಕೂಡಲೇ ಹಾಡು ಬಿಟ್ಟು, "ನನ್ನ ಮಾರಿ ಚಂದ ಬರ್ತೈತೇನು?" ಎಂದು ಕೂದಲು ಬಾಚಿಕೊಳ್ಳಲು ಎದ್ದು ಹೋದರು. ಆಗ ಎರಡನೇ ವರ್ಷದ ಸುಜಾತಾ ಬಂದು ಹೇಳಿದಳು. ಅವಳು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಪುನರ್ವಸತಿ ಊರಿನವಳು, ನಮ್ಮ ಹಾಸ್ಟೆಲ್‌ನಲ್ಲೇ ಇದ್ದು ಓದುತ್ತಾಳೆ.

"ಮಿಸ್, ನಮ್ಮ ಅಮ್ಮಗ ಭಾಳ ಪದ ಬರ್ತಾವ್ರಿ. ಆದ್ರ ಆಕಿ ಹಾಡೂದು ಒಂಥರಾ ಐತ್ರಿ. ನಡುನಡುವ ಸುಮ್ಮ ಕುಂದರ್ತಾಳ." ಅವರ ಮನೆಯಲ್ಲಿ ಅಜ್ಜಿಗೆ ಅಮ್ಮ ಎನ್ನುತ್ತಾರೆ.

ಮುಂದಿನ ಶನಿವಾರ ಸಿಸ್ಟರ್, ನಾನು, ಸುಜಾತಾ ಕಾಲೇಜಿನ ವ್ಯಾನಿನಲ್ಲಿ ಅವಳ ಊರಿಗೆ ಹೋದೆವು. ಅಜ್ಜಿಯ ಹೆಸರು ನೀಲವ್ವ. ಸಣ್ಣ ಆಳು, ಕಣ್ಣು ಬಹಳ ಚುರುಕು. ಸಿಸ್ಟರ್ ಅವರ ಬಿಳಿ ಉಡುಪನ್ನು ಮುಟ್ಟಿ ನೋಡಿ, "ಇಷ್ಟ ಬೆಳ್ಳಗ ಹ್ಯಾಂಗ ಒಗೀತೀರಿ?" ಎಂದು ಕೇಳಿದಳು. ಬೀಸುಕಲ್ಲು ಇರಲಿಲ್ಲ. ಪಡಸಾಲೆಯಲ್ಲಿ ಕೂತು, ಇಲ್ಲದ ಕಲ್ಲಿನ ಗೂಟ ಹಿಡಿದವಳ ಹಾಗೆ ಕೈ ಆಡಿಸುತ್ತ ಹಾಡಿದಳು:

"ಕೋಳಿ ಕೂಗುವ ಮೊದಲ ಕಲ್ಲ ಮುಂದ ಕುಂತೇನ
ಜೋಳ ಕಾದಾವ ಮೊರದಾಗ, ರಾಜಮಾ
ತೋಳ ಕೊಡ ಬಾರ ನನ ಗೆಳತಿ."

ಇಷ್ಟು ಹಾಡಿ ಸುಮ್ಮನಾದಳು. ಕೈ ಮಾತ್ರ ತಿರುಗುತ್ತಲೇ ಇತ್ತು. ಒಂದು ನುಡಿ ಹಾಡುವಷ್ಟು ಹೊತ್ತು ಬಿಟ್ಟು ಮತ್ತೊಂದು ನುಡಿ ಎತ್ತಿದಳು. ಮತ್ತೆ ಸುಮ್ಮನಾದಳು. ಮರೆತಿರಬೇಕು ಎಂದುಕೊಂಡು, "ಯಾಕ ಅಮ್ಮ, ನೆನಪಾಗವಲ್ದೇನು?" ಎಂದೆ.

"ನೆನಪ ಐತಿ. ಅದು ನಂದಲ್ಲವ್ವ, ರಾಜಮಾಳ ಪಾಲಿನ ನುಡಿ. ಆಕಿ ಆ ಕಡಿ ಕುಂದರ್ತಿದ್ಲು, ನಾ ಈ ಕಡಿ. ನಾ ಕರೀತಿದ್ದೆ, ಆಕಿ ಓ ಅಂತಿದ್ಲು."

"ಈಗ ಅವರು ಎಲ್ಲಿದ್ದಾರೆ?" ಎಂದು ಸಿಸ್ಟರ್ ಕೇಳಿದರು.

"ಯಾರಿಗೊತ್ತರಿ? ಆಲಮಟ್ಟಿ ಡ್ಯಾಮಿನ ನೀರು ಬಂದು ಊರು ಮುಳುಗಿತಲ್ಲ, ಆಗ ನಾವು ಈ ಕಡಿ ಬಂದ್ವಿ. ಅವರು ಯಾವ ಕಡಿ ಹ್ವಾದ್ರೋ."

ರಾಜಮಾ ಪಕ್ಕದ ಮನೆಯ ಮುಸ್ಲಿಂ ಹೆಣ್ಣುಮಗಳು. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಆ ಊರಿಗೆ ಬಂದವರು. "ಆಕಿ ನುಡಿನೂ ನೀನ ಹಾಡಿಬಿಡಮ್ಮ, ಪದ ಪೂರ್ತಿ ಆಗ್ತೈತಿ" ಎಂದು ನಾನು ಕೇಳಿಕೊಂಡೆ. ನೀಲವ್ವ ತಲೆ ಅಲ್ಲಾಡಿಸಿದಳು.

"ಆಕಿ ನುಡಿ ನಾ ಹಾಡಿದ್ರ ಆಕಿ ಸತ್ತಂಗ ಆಗ್ತೈತಿ. ನಾ ಒಲ್ಲೆ."

ವಾಪಸ್ ಬರುವಾಗ ನಾನು, ಆ ಖಾಲಿ ಜಾಗಗಳನ್ನು ಕತ್ತರಿಸಿ ಹಾಡನ್ನು ಒಂದು ಮಾಡೋಣ ಎಂದೆ. ಸಿಸ್ಟರ್ ಒಪ್ಪಲಿಲ್ಲ. "ಅದು ಬೇರೆಯವರ ಜಾಗ ಮಿಸ್. ನಾವು ಯಾಕೆ ಕತ್ತರಿಸುವುದು?" ಎಂದರು.

ಹೀಗಾಗಿ ಹಾಡು ಹೇಗಿತ್ತೋ ಹಾಗೇ ಜಾಲತಾಣಕ್ಕೆ ಹೋಯಿತು. ಅದರ ಉದ್ಘಾಟನೆ ಆನ್‌ಲೈನ್‌ನಲ್ಲೇ ನಡೆಯಿತು. ಎಲ್ಲ ಕಾಲೇಜಿನವರೂ, ದೊಡ್ಡ ದೊಡ್ಡ ಫಾದರ್‌ಗಳೂ ಪರದೆಯ ಮೇಲಿದ್ದರು. ನಮ್ಮ ಸರದಿ ಬಂತು. ನೀಲವ್ವನ ಮೊದಲ ನುಡಿ ಮುಗಿದು ಮೌನ ಶುರುವಾದದ್ದೇ ತಡ, ಒಬ್ಬ ಫಾದರ್, "ನಿಮ್ಮ ನೆಟ್‌ವರ್ಕ್ ಹೋಗಿದೆ" ಎಂದರು. "ಮ್ಯೂಟ್ ಆಗಿದೆ, ಮ್ಯೂಟ್ ಆಗಿದೆ" ಎಂದು ಇನ್ನೊಬ್ಬರು. ಎರಡನೇ ಮೌನಕ್ಕೆ ಮೂರು ಜನ ಒಟ್ಟಿಗೇ ಕೂಗಿದರು. ನಾನು ವಿವರಿಸಲು ಬಾಯಿ ತೆರೆದರೆ, ನಿಜವಾಗಿಯೂ ನನ್ನ ಮೈಕೇ ಮ್ಯೂಟ್ ಆಗಿತ್ತು! ನನ್ನ ಬಾಯಿ ಆಡುವುದಷ್ಟೇ ಕಂಡು ಎಲ್ಲರೂ ನಕ್ಕರು. ನನಗೆ ಅಲ್ಲೇ ನೆಲ ಬಿರಿಯಬಾರದೇ ಎನಿಸಿತು. ಕಾರ್ಯಕ್ರಮ ಮುಗಿದ ಮೇಲೆ ಸಿಸ್ಟರ್ ಒಂದು ಲೋಟ ಚಹಾ ಕೊಟ್ಟು, "ಬಿಡಿ ಮಿಸ್, ಇಡೀ ದಿನದಲ್ಲಿ ಅವರು ಗಮನವಿಟ್ಟು ಕೇಳಿದ್ದು ಅದೊಂದನ್ನೇ" ಎಂದು ಸಮಾಧಾನ ಹೇಳಿದರು.

ಕೆಲವು ವಾರ ಕಳೆದವು. ಅಷ್ಟರಲ್ಲಿ ನಮ್ಮ ಹುಡುಗಿಯರು ಆ ಹಾಡನ್ನು ವಾಟ್ಸ್ಯಾಪಿನಲ್ಲಿ ಊರೂರಿಗೆ ಹಂಚಿದ್ದರು. ಒಂದು ಮಧ್ಯಾಹ್ನ ಆಫೀಸಿಗೆ ನನ್ನನ್ನು ಕೇಳಿಕೊಂಡು ಫೋನ್ ಬಂತು. ಮುದ್ದೇಬಿಹಾಳದಿಂದ ಮೈಬೂಬ ಎನ್ನುವವರು.

"ಮೇಡಂ, ನಿಮ್ಮ ಕಾಲೇಜಿನ ಬೀಸೂ ಪದ ವಾಟ್ಸ್ಯಾಪಿನ್ಯಾಗ ನಮ್ಮ ಮನಿಗೂ ಬಂದೈತ್ರಿ. ನಮ್ಮ ಹೆಂಡತಿ ರೊಟ್ಟಿ ಬಡಿಕೋತ ಅದನ್ನ ಹಚ್ಚಿದ್ಲು. ಒಳಗಿನ ಖೋಲಿಯಿಂದ ನಮ್ಮವ್ವ ಓ ಅಂದ್ಲ್ರಿ. ಫೋನು ಸುಮ್ಮ ಆದಲ್ಲೆಲ್ಲ ಆಕಿ ಹಾಡಾಕತ್ತಾಳ."

"ನಿಮ್ಮ ತಾಯಿ ಹೆಸರೇನ್ರಿ?" ಎಂದೆ.

"ರಾಜಮಾ ಅಂತರಿ."

ಅಷ್ಟರಲ್ಲಿ ಯಾರೋ ಅವರ ಕೈಯಿಂದ ಫೋನ್ ಕಸಿದುಕೊಂಡ ಸದ್ದು. "ಏ ತಂಗಿ, ನೀಲವ್ವ ಅದರೊಳಗಷ್ಟ ಅದಾಳೋ, ಹೊರಗೂ ಅದಾಳೋ?" ಎಂದು ಒಂದು ಗಟ್ಟಿ ದನಿ ಕೇಳಿತು. ಹೊರಗೂ ಇದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ ಎಂದೆ. ಆ ಕಡೆ ಅಳುವೋ ನಗುವೋ ತಿಳಿಯಲಿಲ್ಲ. ನಾನಂತೂ ಆಫೀಸಿನ ಗುಮಾಸ್ತರ ಮುಂದೆಯೇ ಅತ್ತುಬಿಟ್ಟೆ.

ಈ ಸುದ್ದಿ ಕೇಳಿ ನೀಲವ್ವ ಕುಣಿದಾಳು ಎಂದುಕೊಂಡು ಬಾಗೇವಾಡಿ ಕಡೆ ಓಡಿದೆವು. ಕೇಳಿದ ಕೂಡಲೇ ಅವಳ ಮುಖ ಅರಳಿತು ನಿಜ. ಆದರೆ, "ನಡಿಯಮ್ಮ, ಭೇಟಿ ಮಾಡಿಸ್ತೇವಿ" ಎಂದ ಕೂಡಲೇ ಗೋಡೆಗೆ ಒರಗಿ ಕೂತಳು.

"ನಾ ಬರಂಗಿಲ್ಲ. ಊರು ಬಿಡೂ ದಿನ ಹೋಗ್ತೇನಿ ಅಂತ ಒಂದ ಮಾತ ಹೇಳಲಿಲ್ಲ ಆಕಿ. ಈಗ್ಯಾಕ ಬೇಕ ನಾನು?"

ಸುಜಾತಾ ಕೈಕಾಲು ಹಿಡಿದಳು. ಸಿಸ್ಟರ್ ತಮ್ಮ ಕರಾವಳಿ ಕನ್ನಡದಲ್ಲಿ ಕ್ಷಮೆಯ ಬಗ್ಗೆ ಒಂದೆರಡು ಒಳ್ಳೆಯ ಮಾತು ಹೇಳಿದರು. ನೀಲವ್ವ ಜಗ್ಗಲಿಲ್ಲ. ಕೊನೆಗೆ ನಾನು ಹೊರಗೆ ಬಂದು ಮೈಬೂಬ ಅವರಿಗೆ ಫೋನ್ ಮಾಡಿ ಇದ್ದದ್ದು ಹೇಳಿದೆ. ಸ್ವಲ್ಪ ಹೊತ್ತಿಗೆ ಅವರು ತಾಯಿಯ ದನಿಯನ್ನೇ ರೆಕಾರ್ಡ್ ಮಾಡಿ ಕಳಿಸಿದರು. ಅದನ್ನು ನೀಲವ್ವನ ಕಿವಿಯ ಹತ್ತಿರ ಹಿಡಿದೆ.

"ನೀಲೀ, ಓಣಿಯೆಲ್ಲ ಹುಡುಕಿ ಬೀಸೂಕಲ್ಲ ತಂದ ಇಟ್ಟೇನಿ. ಜ್ವಾಳಾನೂ ಹಸನ ಮಾಡೇನಿ. ಬರೂದಿದ್ರ ಬಾ, ಇಲ್ಲಾಂದ್ರ ನನ್ನ ನುಡಿಗಿ ಇನ್ನೊಬ್ಬಾಕಿನ್ನ ಹುಡುಕ್ತೇನಿ."

ನೀಲವ್ವ ಕಣ್ಣು ಮುಚ್ಚಿ ಮತ್ತೊಮ್ಮೆ ಹಚ್ಚಲು ಹೇಳಿದಳು. "ನೀಲಿ ಅನ್ನಾವ್ರು ಈಗ ಯಾರೂ ಇಲ್ಲವ್ವ. ನೀಲವ್ವ, ಅಮ್ಮ, ಅತ್ತಿ, ಇವ ಹೆಸರಾಗ್ಯಾವ" ಎಂದಳು. ಆಮೇಲೆ ಎದ್ದು, "ಇನ್ನೊಬ್ಬಾಕಿನ್ನ ಹುಡುಕ್ತಾಳಂತ! ತಡೀರಿ, ಸೀರಿ ಉಟ್ಟ ಬರ್ತೇನಿ" ಎಂದು ಒಳಗೆ ಹೋದಳು.

ಮುದ್ದೇಬಿಹಾಳದ ಆ ಓಣಿಗೆ ವ್ಯಾನು ತಲುಪಿದಾಗ ರಾಜಮಾ ಬಾಗಿಲಲ್ಲೇ ನಿಂತಿದ್ದಳು. ಎತ್ತರದ ಹೆಂಗಸು, ಕೈತುಂಬ ಹಸಿರು ಬಳೆ. ಇಬ್ಬರೂ ತಬ್ಬಿಕೊಂಡು ಅಳುತ್ತಾರೆ ಎಂದು ಸಿಸ್ಟರ್ ಕರವಸ್ತ್ರ ತೆಗೆದು ಸಿದ್ಧರಾಗಿದ್ದರು. ಆದರೆ ಗೆಳತಿಯರಿಬ್ಬರೂ ನೇರ ಜಗಳಕ್ಕೇ ನಿಂತರು.

"ಒಂದ ಮಾತ ಹೇಳಿ ಹೋಗಬಾರದೇನ?" ಎಂದಳು ನೀಲವ್ವ.

"ಟ್ರ್ಯಾಕ್ಟರ್ ಮ್ಯಾಲ ಕುಂತು ನಿನ್ನ ಬಾಗಲಾನ ನೋಡಿಕೋತ ಹ್ವಾದೆ. ನೀ ಯಾಕ ಹೊರಗ ಬರಲಿಲ್ಲ?"

"ಬಂದಿದ್ರ ಅಳತಿದ್ದೆ. ನನ್ನ ನೋಡಿ ನೀನೂ ಅತ್ತೀದಿ ಅಂತ ಕದಾ ಹಾಕ್ಕೊಂಡು ಕುಂತಿದ್ದೆ."

"ನಾ ಮುದ್ದೇಬಿಹಾಳ ಮುಟ್ಟೂತನಾ ಅಳಕೋತನ ಬಂದೇನಿ, ಹುಚ್ಚಿ!"

ಮೊದಲು ನಕ್ಕವಳು ನೀಲವ್ವ. ಆಮೇಲೆ ರಾಜಮಾ ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ಸಿಸ್ಟರ್ ಅವರ ಕರವಸ್ತ್ರ ನನಗೆ ಬೇಕಾಯಿತು.

ಪಡಸಾಲೆಯ ನಡುವೆ ಬೀಸುಕಲ್ಲು ತೊಳೆದು ಇಟ್ಟಿದ್ದರು. ಯಾರದೋ ಮನೆಯಲ್ಲಿ ಅದರ ಮೇಲಿನ ಕಲ್ಲು ನೀರಿನ ಪೀಪಾಯಿಯ ಮುಚ್ಚಳದ ಮೇಲೆ ಕೂತಿತ್ತಂತೆ. ಇಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿದರು. ಓಣಿಯ ಹೆಂಗಸರೆಲ್ಲ ಸೇರಿದ್ದರು. ನಾನು ರೆಕಾರ್ಡಿಂಗ್ ಶುರು ಮಾಡಿದೆ. ನೀಲವ್ವ ಕರೆದಳು, ಕೋಳಿ ಕೂಗುವ ಮೊದಲ ಕಲ್ಲ ಮುಂದ ಕುಂತೇನ ಎಂದು. ರಾಜಮಾಳ ಗಟ್ಟಿ ದನಿ ಎದ್ದಿತು:

"ಬಂದೇನ ತಡಿಯವ್ವ ಬಳಿ ಏರಿಸಿ ಬಂದೇನ
ಚಂದಿರನ ತಂಗಿ ನೀಲವ್ವ, ನೀನಿರಲು
ಕಂದೀಲ ಯಾಕ ಮನಿಯೊಳಗ."

ನೆರೆದವರೆಲ್ಲ ಚಂದ್ರನ ತಂಗಿಯ ಕಡೆ ತಿರುಗಿದರು. ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಅದಕ್ಕೇನಮ್ಮ ನೀ ಈ ನುಡಿ ಹಾಡದೇ ಬಿಟ್ಟಿದ್ದು?" ಎಂದು ಸುಜಾತಾ ಕೂಗಿದಳು.

"ನನಗ ಏನಂತ ಹೇಳಿದ್ಲು ಗೊತ್ತೈತೇನು, ತಾ ಹಾಡಿದ್ರ ನೀ ಸತ್ತಂಗ ಆಗ್ತೈತಿ ಅಂತ ಹಾಡಲಿಲ್ಲಂತ" ಎಂದು ನಾನು ರಾಜಮಾಳಿಗೆ ದೂರು ಹೇಳಿದೆ.

"ಸುಳ್ಳ!" ರಾಜಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ನ ನುಡಿಯಾಗೆಲ್ಲ ಇವಳ ಹೊಗಳಿಕಿನ ಐತಿ. ತನ್ನ ಹೊಗಳಿಕಿ ತಾನ ಹ್ಯಾಂಗ ಹಾಡ್ಕೋತಾಳ?"

"ಎರಡೂ ಖರೇನ" ಎಂದಳು ನೀಲವ್ವ ಸೆರಗಿನೊಳಗಿಂದಲೇ.

ಆ ರೆಕಾರ್ಡಿಂಗಿನಲ್ಲಿ ಹಾಡಿಗಿಂತ ನಗುವೇ ಹೆಚ್ಚಿದೆ. ಸಿಸ್ಟರ್ ಅದನ್ನೂ ಕತ್ತರಿಸಲು ಬಿಡಲಿಲ್ಲ. ಜಾಲತಾಣದಲ್ಲಿ ಈಗ ಎರಡೂ ಇವೆ, ನೀಲವ್ವ ಒಬ್ಬಳೇ ಕರೆದದ್ದು ಮತ್ತು ಇಬ್ಬರೂ ಸೇರಿ ಬೀಸಿದ್ದು. ಬೀಸಿದ ಜೋಳದ ಹಿಟ್ಟಿನಲ್ಲೇ ಅಂದು ನಮಗೆ ರೊಟ್ಟಿಯಾಯಿತು. ಕಲ್ಲಿನ ಹಲ್ಲು ಸವೆದು ಹಿಟ್ಟು ತರಿತರಿಯಾಗಿತ್ತು. ಆದರೂ ಶೇಂಗಾ ಹಿಂಡಿ, ಬದನೆಕಾಯಿ ಜೊತೆ ಸಿಸ್ಟರ್ ಕೇಳಿ ಕೇಳಿ ಹಾಕಿಸಿಕೊಂಡರು.

ಹೊತ್ತು ಇಳಿಯುವಾಗ ಹೊರಟೆವು. ನೀಲವ್ವ ಏಳಲಿಲ್ಲ. "ನೀವು ನಡೀರಿ, ನಾ ಆಮ್ಯಾಲ ಬರ್ತೇನಿ" ಎಂದಳು. ರಾಜಮಾ ಆಗಲೇ ಅವಳಿಗೆ ಮಲಗಲು ಕೌದಿ ತೆಗೆಯುತ್ತಿದ್ದಳು. ವ್ಯಾನು ಅರ್ಧ ದಾರಿ ಬಂದಿರಬೇಕು, ಸುಜಾತಾಳ ಅಪ್ಪ ಫೋನ್ ಮಾಡಿದರು. ಸುಜಾತಾ ಹೆದರಿ ಫೋನನ್ನು ಸಿಸ್ಟರ್ ಅವರ ಕೈಗೆ ಕೊಟ್ಟಳು.

"ನಿಮ್ಮ ತಾಯಿ ಅಲ್ಲಿಯೇ ಉಳಿದರು" ಎಂದರು ಸಿಸ್ಟರ್ ಮೆಲ್ಲಗೆ.

"ಅಂದ್ರ? ನಮ್ಮವ್ವನ್ನ ಕರಕೊಂಡ ಹೋಗಿ ಬಿಟ್ಟ ಬಂದ್ರಿ? ಯಾವಾಗ ಬರ್ತಾಳಂತ್ರಿ?"

ಸಿಸ್ಟರ್ ನನ್ನ ಮುಖ ನೋಡಿದರು, ನಾನು ಸುಜಾತಾಳ ಮುಖ ನೋಡಿದೆ. ಅದನ್ನು ಯಾರೂ ಕೇಳಿರಲಿಲ್ಲ!

ನೀಲವ್ವ ಯುಗಾದಿಗೆ ಊರಿಗೆ ಬಂದಳು, ಬರುವಾಗ ರಾಜಮಾಳನ್ನೂ ಕರೆದುಕೊಂಡು. ಈಗ ಒಬ್ಬರು ಇನ್ನೊಬ್ಬರ ಮನೆಗೆ ಹೋಗುವುದು ನಡೆದೇ ಇದೆ.

ನಾನು ಹಲವು ವರ್ಷಗಳಿಂದ ತರಗತಿಯಲ್ಲಿ ಜನಪದ ಪಾಠ ಮಾಡುತ್ತಿದ್ದೇನೆ. ಮೊದಲೆಲ್ಲ ಛಂದಸ್ಸು, ಪ್ರಾಸ ಎಂದು ಬೋರ್ಡಿನ ಮೇಲೆ ಬರೆದು ಶುರು ಮಾಡುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಮೊದಲು ಇಬ್ಬರು ಹುಡುಗಿಯರನ್ನು ಮುಂದೆ ಕರೆದು ಎದುರುಬದುರು ಕೂರಿಸುತ್ತೇನೆ. ಒಬ್ಬಳು ಇನ್ನೊಬ್ಬಳನ್ನು ಹೆಸರು ಹಿಡಿದು ಕರೆಯಬೇಕು. ಅವಳು ಓ ಎಂದ ಮೇಲೆಯೇ ಪಾಠ ಶುರು.