ಗದಗಿನ ಗಿಟಾರು

ಇವತ್ತು ಬೆಳಿಗ್ಗೆ ಸೈಕಲ್ಲಿನ ಚೈನು ಕಳಚಿತು. ಅದನ್ನು ಕೂರಿಸಿ, ಈ ಡಚ್ ನಾಡಿನ ಡೀಮೆನ್‌ನಲ್ಲಿ ರೈಲು ಹತ್ತಿ ಕೂತರೆ ಬೆರಳುಗಳಿಗೆಲ್ಲ ಕಬ್ಬಿಣದ ವಾಸನೆ. ಪಕ್ಕದವರು ಮೂಗು ಮುರಿದರೇನೋ. ನನಗೆ ಮಾತ್ರ ಅನ್ವರ್ ಭಾಯ್ ನೆನಪಾದರು. ಅವರ ಎಡಗೈಗೆ ಯಾವಾಗಲೂ ಇದೇ ವಾಸನೆ. ಗಿಟಾರಿನ ತಂತಿಯದು. ಬಿರಿಯಾನಿ ಬಡಿಸುವಾಗಲೂ ಅದು ಮಸಾಲೆಯನ್ನು ಮೀರಿ ಬರುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ, ಬಿಡಿ.

ಅನ್ವರ್ ಭಾಯ್ ಗದಗಿನವರು. ಯುಟ್ರೆಕ್ಟಿನ ಆಫೀಸಿನಲ್ಲಿ ನನ್ನ ಎದುರಿನ ಮೇಜು ಅವರದಾಗಿತ್ತು. ವಾರವಿಡೀ ಕೋಡ್ ಬರೆದು, ಶನಿವಾರ ಕೆಫೆಗಳಲ್ಲಿ ಸದರ್ನ್ ರಾಕ್ ಹಾಡುತ್ತಿದ್ದರು. ಅಮೆರಿಕದ ದಕ್ಷಿಣದ ರಾಜ್ಯಗಳ ಸಂಗೀತ ಅದು. ಎರಡು ಗಿಟಾರು ಒಂದನ್ನೊಂದು ಕೆಣಕುತ್ತ ಓಡುತ್ತವೆ, ನಡುವೆ ಒಬ್ಬ ಗಂಟಲು ಹರಿಯುವಂತೆ ಊರು, ಹೊಳೆ, ಅಮ್ಮ ಅಂತ ಹಾಡುತ್ತಾನೆ. ನನಗೋ ಸಂಗೀತದ ಗಂಧವೇ ಇಲ್ಲ. ಮೊದಲ ಸಲ ಕೇಳಿದಾಗ ತಲೆನೋವಿನ ಮಾತ್ರೆ ಹುಡುಕಿದ್ದೆ. ಆದರೂ ಹೋಗುತ್ತಿದ್ದೆ. ಹಾಡುವಾಗ ಆ ಮನುಷ್ಯ ಎಷ್ಟು ಸುಖವಾಗಿ ಕಾಣುತ್ತಿದ್ದರೆಂದರೆ, ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು.

ಅವರ ಅಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಹಾಗಾಗಿ 'ಒನ್ಸ್ ಮೋರ್' ಎಂಬ ಕೂಗು ಅನ್ವರ್ ಭಾಯ್‌ಗೆ ಅಪ್ಪಣೆಯಿದ್ದಂತೆ. ನಮ್ಮ ಕನ್ನಡದ ಗುಂಪು ಹಿಂದಿನಿಂದ ಕೂಗಿದರೆ ಸಾಕು, ಮುಂದಿನ ಹಾಡು ಅರ್ಧಕ್ಕೆ ಬಂದಿದ್ದರೂ ನಿಲ್ಲಿಸಿ, ಹಿಂದಿನದನ್ನೇ ಮೊದಲಿಂದ ಎತ್ತಿಕೊಳ್ಳುತ್ತಿದ್ದರು. ಡಚ್ ಡ್ರಮ್ಮರ್ ಕೋಲು ಹಿಡಿದುಕೊಂಡು ಕಕ್ಕಾಬಿಕ್ಕಿ. ಅಂದುಕೊಂಡ ಹಾಡುಗಳಲ್ಲಿ ಅರ್ಧ ಉಳಿದೇ ಹೋಗುತ್ತಿದ್ದವು. "ಏನ್ ಮಾಡ್ಲಿ? ಕೇಳಿದ್ರ ಹಾಡ್ಬೇಕು. ಇಲ್ಲಾಂದ್ರ ನಮ್ಮಪ್ಪ ಕನಸಿನ್ಯಾಗ ಬಂದು ಬೈತಾನ" ಎನ್ನುತ್ತಿದ್ದರು.

ಹೀಗಿರುವಾಗ ಜರ್ಮನಿಯ ಬ್ಯಾಂಡೊಂದು ಅವರನ್ನು ಕರೆಯಿತು. ಬೇಸಿಗೆಯಿಡೀ ಊರೂರು ಸುತ್ತಿ ಹಾಡುವ ಕೆಲಸ. ಅನ್ವರ್ ಭಾಯ್ ಒಲ್ಲೆ ಎಂದರು. ಮರುವರ್ಷ ಮತ್ತೆ ಕರೆದರು; ಮತ್ತೆ ಒಲ್ಲೆ. ಇಲ್ಲಿ ನಮ್ಮ ಪರ್ಮಿಟ್ ಕೆಲಸಕ್ಕೇ ಅಂಟಿಕೊಂಡಿರುತ್ತದೆ ನೋಡಿ. ಕೆಲಸ ಬಿಟ್ಟರೆ ಹೆಂಡತಿ ಮಕ್ಕಳ ಸಮೇತ ಗಂಟುಮೂಟೆ ಕಟ್ಟಬೇಕು. ಇಲ್ಲಿನ ಪೌರತ್ವ ಸಿಕ್ಕಮೇಲೆ ಆ ಭಯವಿಲ್ಲ. "ಪಾಸ್‌ಪೋರ್ಟ್ ಆಗ್ಲಿ, ನೋಡೂಣು" ಎಂದರಷ್ಟೇ. ಜವಾಬ್ದಾರಿ ಇರುವ ಮನುಷ್ಯ ಎಂದು ನಾವೆಲ್ಲ ಹೊಗಳಿದೆವು. ಪಾಸ್‌ಪೋರ್ಟ್ ಬಂದಮೇಲೆ ಮನೆ ಕೊಳ್ಳುತ್ತಾರೆ ಎಂದೇ ತಿಳಿದಿದ್ದೆವು, ಯಾಕೆಂದರೆ ನಾವು ಮಾಡುವುದು ಅದನ್ನೇ. ಅಷ್ಟರಲ್ಲಿ ಅವರ ಗಡ್ಡ ಬೆಳ್ಳಗಾಯಿತು, ಮೇಲಿನ ಸ್ವರಕ್ಕೆ ಹೋದರೆ ದನಿ ಒಡೆಯತೊಡಗಿತು. ಪಾಸ್‌ಪೋರ್ಟ್ ಬರುವುದು ಮೊದಲೋ, ಗಂಟಲು ಹೋಗುವುದು ಮೊದಲೋ ಎಂದು ನನಗೇ ಭಯವಾಗುತ್ತಿತ್ತು.

ಕೊನೆಗೆ ಗೆಮೀಂಟೆಯಲ್ಲಿ, ಅಂದರೆ ಇಲ್ಲಿನ ನಗರಸಭೆಯಲ್ಲಿ, ಪೌರತ್ವದ ಪ್ರಮಾಣವಚನ. ನಾನೂ ಹೋಗಿದ್ದೆ. ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಡಬೇಕಲ್ಲ ಎಂದು ಅವರ ಕಣ್ಣು ತುಂಬಿತ್ತು. ಕೇಕ್ ತಿನ್ನುತ್ತ, "ಭಾಯ್, ಮನೆ ಎಲ್ಲಿ ನೋಡ್ತಿದೀರಾ?" ಅಂದೆ.

"ಯಾವ ಮನಿ? ನಾಳೆ ರಾಜೀನಾಮಿ ಕೊಡಾಂವ."

ನಾನು ಅವರ ಹೆಂಡತಿ ಶಾಹೀನ್ ಅವರ ಮುಖ ನೋಡಿದೆ. "ನನ್ನ ಯಾಕ್ ನೋಡ್ತೀರಿ? ಈ ದೇಶಕ್ಕ ಬರೂ ಮೊದ್ಲೇ ಹೇಳ್ಯಾರ. ನನ್ನ ಪಗಾರ ಐತಿ, ಹಾಡ್ಲಿ ಬಿಡ್ರಿ. ಇಷ್ಟ್ ವರ್ಷ ಕಾದಾರ" ಎಂದು ಆಕೆ ಇನ್ನೊಂದು ತುಂಡು ಕೇಕಿಗೆ ಕೈ ಹಾಕಿದರು.

ಆಮೇಲಿನದು ದೊಡ್ಡ ಕಥೆಯೇನಲ್ಲ. ಜರ್ಮನಿಯವರು ಅಷ್ಟರಲ್ಲಿ ಬೇರೆಯವರನ್ನು ಹುಡುಕಿಕೊಂಡಿದ್ದರು. ಒಡೆದ ದನಿಯಲ್ಲೇ ಇವರು ಸಣ್ಣಪುಟ್ಟ ಊರುಗಳ ಕೆಫೆಗಳಲ್ಲಿ ಹಾಡುತ್ತ ಹೋದರು. ಒಮ್ಮೆ ಅಮೆರಿಕದ ದಕ್ಷಿಣಕ್ಕೂ ಹೋಗಿ, ಒಂದು ಬಾರಿನಲ್ಲಿ ಹಾಡಿ ಬಂದರು. ಅಲ್ಲೊಬ್ಬಳು ಅಜ್ಜಿ ಕಣ್ಣೊರೆಸಿಕೊಳ್ಳುತ್ತ, ಯಾವ ಊರಪ್ಪ ನಿನ್ನದು ಎಂದಳಂತೆ. ಗದಗ ಎಂದರಂತೆ. ಅದು ಇಲ್ಲೇ ನಮ್ಮ ಟೆನೆಸ್ಸಿ ಕಡೆಯೇ ಎಂದು ಕೇಳಿದಳಂತೆ. ಇದನ್ನು ಹೇಳುವಾಗ ಅನ್ವರ್ ಭಾಯ್ ನಗುವುದನ್ನು ನೀವು ನೋಡಬೇಕಿತ್ತು. ಯಾವ ಬಹುಮಾನವೂ ಅವರಿಗೆ ಅಷ್ಟು ಖುಷಿ ಕೊಡುತ್ತಿರಲಿಲ್ಲ.

ರೈಲಿನಿಂದಲೇ ಅವರಿಗೆ ಫೋನ್ ಮಾಡಿದೆ. ಹೋದ ವಾರ ನನ್ನದೂ ಪ್ರಮಾಣವಚನ ಆಯಿತು ಎಂದು ಹೇಳಿದೆ.

"ಭಾಳ ಛಲೋ ಆತು! ಇನ್ನ ಏನ್ ಮಾಡಾಂವ ನೀ?"

"ಮನೆ ತಗೊಳ್ಳೋಣ ಅಂತ, ಭಾಯ್."

"ತಗೋ. ಅದಾದ ಮ್ಯಾಲೆ?"

ಕಿಟಕಿಯಾಚೆ ಹಸುಗಳು ಮೇಯುತ್ತಿದ್ದವು. ಮನೆ ಕೊಂಡಮೇಲಿನದನ್ನು ನಾನು ಯೋಚಿಸಿಯೇ ಇರಲಿಲ್ಲ. ನಾಚಿಕೆಯಾಯಿತು.

"ಭಾಯ್, ಯುಟ್ರೆಕ್ಟ್ ಬಂತು, ಇಡ್ತೀನಿ" ಎಂದೆ.

ಯುಟ್ರೆಕ್ಟ್ ಇನ್ನೂ ದೂರವಿತ್ತು.